ಮುಟ್ಟಿನ ಡೇಟ್ ಮುಂದಕ್ಕೆ ಹೋಯ್ತಾ? ಗಾಬರಿಗೆ ಮುಂಚೆ ಕ್ಯಾಲೆಂಡರ್ ತೆಗೀರಿ

ಮುಂಬೈ ಹತ್ರದ ಡೊಂಬಿವಲಿಯ ನಮ್ಮ ಮನೇಲಿ ಅಡಿಗೆಮನೆ ಬಾಗಿಲ ಹಿಂದೆ ಒಂದು ಕನ್ನಡ ಕಾಲನಿರ್ಣಯ ಕ್ಯಾಲೆಂಡರ್ ನೇತಾಡ್ತಿರತ್ತೆ. ಹಾಲಿನವ್ನು ಬರದೇ ಇದ್ದ ದಿನದ ಖಾಡಾ ಅದ್ರಲ್ಲೇ, ಗ್ಯಾಸ್ ಸಿಲಿಂಡರ್ ಹಚ್ಚಿದ ತಾರೀಕೂ ಅದ್ರಲ್ಲೇ, ಇವೆರಡರ ಮಧ್ಯೆ ತಿಂಗಳಿಗೊಂದು ಕಡೆ ಪೆನ್ಸಿಲಿನ ಸಣ್ಣ ಚುಕ್ಕೆ. ಅದು ಏನಂತ ನಾನು ಸಣ್ಣವಳಿದ್ದಾಗ ಕೇಳಿದ್ರೆ ಅಮ್ಮ "ಸುಮ್ನಿರು, ಅದು ನನ್ ಲೆಕ್ಕ" ಅಂತಿದ್ರು. ಆ ಲೆಕ್ಕ ಎಷ್ಟು ದೊಡ್ಡದು ಅಂತ ನನ್ಗೆ ಗೊತ್ತಾಗೋಕೆ ತುಂಬಾ ವರ್ಷ ಬೇಕಾಯ್ತು, ಮಧ್ಯದಲ್ಲಿ ಒಂದಿಷ್ಟು ತಪ್ಪು ಮಾತ್ರೇನೂ ನುಂಗಿದ್ದಾಯ್ತು.

ಹೋದ ತಿಂಗಳು ರಾತ್ರಿ ಹತ್ತು ಗಂಟೆಗೆ ನಮ್ಮ ಬಿಲ್ಡಿಂಗಿನ ಹುಡುಗಿ ಬಂದ್ಳು, ಐರೋಲಿಯಲ್ಲಿ ಕೆಲ್ಸ ಮಾಡ್ತಾಳೆ, ಇಪ್ಪತ್ನಾಲ್ಕು ವಯಸ್ಸು, ಊರು ಕುಂದಾಪುರದ ಕಡೆ. ಮುಖ ಬೆಳ್ಳಗಾಗಿತ್ತು. "ಅಕ್ಕಾ, ಆ್ಯಪ್‌ನಲ್ಲಿ ಐದು ದಿನ ಲೇಟ್ ಅಂತ ಕೆಂಪಗೆ ತೋರಿಸ್ತಾ ಇದೆ, ಅಮ್ಮಂಗೆ ಹೇಳ್ಬೇಡಿ, ಮೆಡಿಕಲ್‌ನವ್ನ ಹತ್ರ ಏನಾದ್ರೂ ಮಾತ್ರೆ ಸಿಗತ್ತಾ?" ಅಂದ್ಳು. ಮಾತ್ರೆ ಆಮೇಲೆ, ಮೊದ್ಲು ಹೋದ ಆರು ತಿಂಗಳ ತಾರೀಕು ಹೇಳು ಅಂದೆ. ಆವತ್ತು ಅವಳಿಗೆ ಹೇಳಿದ್ದನ್ನೇ ಸ್ವಲ್ಪ ಬಿಡಿಸಿ ಇಲ್ಲಿ ಬರೀತಿದೀನಿ. ನಾನು ಡಾಕ್ಟರ್ ಅಲ್ಲ, ಹದಿನೈದು ವರ್ಷ ಇದೇ ಗೋಳು ಅನುಭವಿಸಿ ಓದಿ ಕೇಳಿ ತಿಳ್ಕೊಂಡವ್ಳು ಅಷ್ಟೇ.

ಮೊದ್ಲು ಎಣಿಸೋದು ಕಲೀರಿ

ಇದ್ರಲ್ಲೇ ಅರ್ಧ ಜನ ತಪ್ತಾರೆ. ಒಂದು ಸೈಕಲ್ ಅಂದ್ರೆ ಮುಟ್ಟು ಶುರುವಾದ ಮೊದಲ್ನೇ ದಿನದಿಂದ ಮುಂದಿನ ಮುಟ್ಟು ಶುರುವಾಗೋದಕ್ಕೆ ಹಿಂದಿನ ದಿನದವರೆಗೆ. ನಿಂತ ದಿನದಿಂದ ಎಣಿಸ್ಬಾರ್ದು, ತಲೆಗೆ ನೀರು ಹಾಕ್ಕೊಂಡ ದಿನದಿಂದನೂ ಅಲ್ಲ. ಪ್ಯಾಡ್ ಬೇಕಾಗೋಷ್ಟು ಬ್ಲೀಡಿಂಗ್ ಆದ ದಿನ ಒಂದನೇ ದಿನ, ಹಿಂದಿನ ದಿನ ಒಂದು ಹನಿ ಕಲೆ ಕಂಡಿದ್ರೆ ಅದನ್ನ ಬೇರೆ ಗುರುತು ಮಾಡಿ ಇಡಿ.

ನಮ್ಮ ಹುಡುಗಿ ಫೋನಿಂದ ಹುಡುಕಿ ಕೊಟ್ಟ ತಾರೀಕುಗಳು ಹೀಗಿದ್ವು: ಜನವರಿ 4, ಫೆಬ್ರವರಿ 3, ಮಾರ್ಚ್ 11, ಏಪ್ರಿಲ್ 9, ಮೇ 13, ಜೂನ್ 11. ಎಣಿಸಿದ್ರೆ 30 ದಿನ, 36, 29, 34, 29. ಅಂದ್ರೆ ಅವಳ ಕಮ್ಮಿ ಸೈಕಲ್ 29, ಜಾಸ್ತಿದು 36, ನಡುವಿನ ವ್ಯತ್ಯಾಸ 7 ದಿನ. ಆ್ಯಪ್ ಹಾಕಿದ ದಿನ "ನಿಮ್ಮ ಸೈಕಲ್ ಎಷ್ಟು?" ಅಂತ ಕೇಳಿದಾಗ ಎಲ್ರೂ ಹೇಳ್ತಾರಲ್ಲ ಅಂತ ಇವ್ಳು 28 ಒತ್ತಿದ್ಲಂತೆ, ಅದು ಪಾಪ 28ಕ್ಕೇ ಕಾದು ಕೂತಿತ್ತು! ಆವತ್ತು ಅವಳಿಗೆ 33ನೇ ದಿನ. ಆ್ಯಪ್ ಪ್ರಕಾರ ಲೇಟ್, ಅವಳ ಮೈ ಪ್ರಕಾರ ಇನ್ನೂ ಟೈಮಿದೆ.

ದೊಡ್ಡ ಹೆಂಗಸ್ರಲ್ಲಿ 21ರಿಂದ 35 ದಿನದೊಳಗೆ ಬಂದ್ರೆ ಸಾಮಾನ್ಯವಾಗಿ ಸರಿ ಅಂತ ಡಾಕ್ಟ್ರು ಲೆಕ್ಕ ಹಿಡೀತಾರೆ, ಕೆಲವ್ರು 24ರಿಂದ 38 ಅಂತಾರೆ. ತಿಂಗಳಿಂದ ತಿಂಗಳಿಗೆ ಏಳೆಂಟು ದಿನ ಹಿಂದೆ ಮುಂದೆ ಆದ್ರೆ ಅದೂ ಪರ್ವಾಗಿಲ್ಲ. ಬ್ಲೀಡಿಂಗ್ 2ರಿಂದ 7 ದಿನ. ಹಾಗಾಗಿ "ನಂಗೆ ಪ್ರತಿ ತಿಂಗಳು ಅದೇ ತಾರೀಕಿಗೆ ಬರಲ್ಲ" ಅನ್ನೋದು ಕಾಯಿಲೆ ಅಲ್ಲ, ತಿಂಗಳಲ್ಲಿ 30 ದಿನವೋ 31 ದಿನವೋ ಅನ್ನೋದು ಗರ್ಭಕೋಶಕ್ಕೆ ಗೊತ್ತಿಲ್ಲ.

ಇನ್ನೊಂದು ವಿಷ್ಯ ಗೊತ್ತಿದ್ರೆ ಗಾಬರಿ ಬಹಳ ಕಮ್ಮಿಯಾಗತ್ತೆ, ಲೇಟ್ ಎಲ್ಲಿ ಆಗೋದು ಅಂತ. ಇಡ್ಲಿ ಮಾಡೋದನ್ನ ನೆನಪು ಮಾಡ್ಕೊಳ್ಳಿ. ಹಿಟ್ಟು ಉಬ್ಬೋಕೆ ಮೇ ತಿಂಗಳಲ್ಲಿ ಆರು ಗಂಟೆ ಸಾಕು, ಡಿಸೆಂಬರ್ ಚಳಿಯಲ್ಲಿ ಬೆಳಗಾದ್ರೂ ಪಾತ್ರೆಯಲ್ಲಿ ಹಾಗೇ ಕೂತಿರತ್ತೆ. ಆದ್ರೆ ಉಬ್ಬಿದ ಹಿಟ್ಟನ್ನ ಇಡ್ಲಿ ಪಾತ್ರೆಯಲ್ಲಿಟ್ಟ ಮೇಲೆ ಬೇಯೋಕೆ ಎಲ್ಲಾ ಕಾಲದಲ್ಲೂ ಅದೇ ಹತ್ತು ಹನ್ನೆರಡು ನಿಮಿಷ. ನಮ್ಮ ಸೈಕಲ್ಲೂ ಹಾಗೇ. ಮೊದಲ್ನೇ ಅರ್ಧದಲ್ಲಿ ಅಂಡಾಶಯದಲ್ಲಿ ಒಂದು ಅಂಡ ಬಲೀಬೇಕು, ಇದಕ್ಕೆ ಎಷ್ಟು ದಿನ ಹಿಡಿಯತ್ತೆ ಅನ್ನೋದು ನಿದ್ದೆ, ಊಟ, ಟೆನ್ಶನ್, ಹಾರ್ಮೋನ್ ಮೇಲೆ ಹೋಗತ್ತೆ. ಅಂಡ ಹೊರಗೆ ಬಿದ್ದ ಮೇಲೆ, ಅಂದ್ರೆ ಓವ್ಯುಲೇಶನ್ ಆದ ಮೇಲೆ, ಮುಟ್ಟು ಬರೋಕೆ ಹೆಚ್ಚು ಕಮ್ಮಿ 12ರಿಂದ 14 ದಿನ, ಅದು ಅಷ್ಟಾಗಿ ಬದಲಾಗಲ್ಲ. 36 ದಿನದ ಸೈಕಲ್ ಆದವ್ಳಿಗೆ ಓವ್ಯುಲೇಶನ್ 22ನೇ ದಿನದ ಆಸುಪಾಸು ಆಗಿರತ್ತೆ, ಎಲ್ರೂ ಹೇಳೋ 14ನೇ ದಿನ ಅಲ್ಲ. ಅದ್ಕೇ ಇವತ್ತು ಡೇಟ್ ಲೇಟಾಗಿದೆ ಅಂದ್ರೆ ಕಾರಣ ನಿನ್ನೆ ಮೊನ್ನೆಯದ್ದಲ್ಲ, ಎರಡು ಮೂರು ವಾರದ ಹಿಂದೆ ಏನಾಯ್ತು ಅಂತ ನೋಡ್ಬೇಕು. ಜ್ವರ ಬಂದಿತ್ತಾ, ಊರಿಗೆ ಹೋಗಿ ರಾತ್ರಿಯಿಡೀ ಯಕ್ಷಗಾನ ನೋಡ್ಕೊಂಡು ಮೂರು ದಿನ ನಿದ್ದೆಗೆಟ್ಟಿದ್ರಾ, ಆಫೀಸಲ್ಲಿ ಶಿಫ್ಟ್ ಬದಲಾಯ್ತಾ, ಅದೆಲ್ಲ.

"ಸೇಫ್ ದಿನ" ಲೆಕ್ಕ ಹಾಕ್ಕೊಂಡು ಕೂರೋರಿಗೂ ಇದೇ ಉತ್ತರ. ಹಿಟ್ಟು ಯಾವಾಗ ಉಬ್ಬತ್ತೆ ಅಂತ ಮುಂಚೆ ಹೇಳೋಕಾಗದಿದ್ರೆ ಆ ಲೆಕ್ಕ ನಂಬೋಕಾಗಲ್ಲ.

ಆಮೇಲೆ ಟೆಸ್ಟ್, ನಾಚಿಕೆ ಬಿಟ್ಟು

ನಿಮ್ಮ ಜಾಸ್ತಿ ಸೈಕಲ್ ಯಾವ್ದಿತ್ತೋ ಅದನ್ನೂ ದಾಟಿ ಹೋಗಿದೆ, ಮತ್ತೆ ದೈಹಿಕ ಸಂಬಂಧ ಆಗಿದೆ ಅಂದ್ರೆ, ಬೇರೆ ಯಾವ ಯೋಚ್ನೆಗೂ ಮುಂಚೆ ಪ್ರೆಗ್ನೆನ್ಸಿ ಟೆಸ್ಟ್. ಕಾಂಡೋಮ್ ಇತ್ತು, ಒಂದೇ ಸಲ, ಹಾಗಾಗಲ್ಲ, ನಂಗೆ ಯಾವಾಗ್ಲೂ ಲೇಟೇ, ಈ ನಾಲ್ಕು ಮಾತು ಕೇಳಿ ಕೇಳಿ ಸಾಕಾಗಿದೆ. ಕಿಟ್ ಯಾವ ಮೆಡಿಕಲ್‌ನಲ್ಲೂ ಸಿಗತ್ತೆ, ಡಾಕ್ಟರ್ ಚೀಟಿ ಬೇಡ. ಬಿಲ್ಡಿಂಗ್ ಕೆಳಗಿನ ಅಂಗಡಿಯವ್ನು ಅಮ್ಮಂಗೆ ಗುರುತು ಅಂತಾದ್ರೆ ಇಳಿಯೋ ಸ್ಟೇಷನ್ ಹತ್ರದ ಅಂಗಡೀಲಿ ತಗೊಳ್ಳಿ, ಮುಂಬೈ ಇದೊಂದು ಸುಖ ಕೊಟ್ಟಿದೆ, ಯಾರೂ ಮುಖ ನೋಡಲ್ಲ.

ಬೆಳಗ್ಗೆ ಎದ್ದ ತಕ್ಷಣದ ಮೂತ್ರ ಒಳ್ಳೇದು, ಅದ್ರಲ್ಲಿ ಎಚ್‌ಸಿಜಿ ಅನ್ನೋ ಹಾರ್ಮೋನ್ ಗಟ್ಟಿಯಾಗಿರತ್ತೆ. ಕವರ್ ಮೇಲೆ ಬರೆದಷ್ಟೇ ಹನಿ, ಬರೆದಷ್ಟೇ ನಿಮಿಷ. ಎರಡನೇ ಗೆರೆ ತೆಳ್ಳಗಿದ್ರೂ ಪಾಸಿಟಿವ್ ಅಂತ್ಲೇ ತಿಳ್ಕೊಳ್ಳಿ, ಅರ್ಧ ಗಂಟೆ ಬಿಟ್ಟು ಕಸದ ಡಬ್ಬಿಯಿಂದ ತೆಗೆದು ನೋಡಿದಾಗ ಕಾಣೋ ಗೆರೆ ಮಾತ್ರ ಲೆಕ್ಕಕ್ಕಿಲ್ಲ. ಸಿ ಅನ್ನೋ ಜಾಗದಲ್ಲಿ ಗೆರೆನೇ ಇಲ್ಲ ಅಂದ್ರೆ ಕಿಟ್ ಕೆಟ್ಟಿದೆ. ನೆಗೆಟಿವ್ ಬಂದು ಇನ್ನೂ ಮುಟ್ಟಾಗಿಲ್ಲ ಅಂದ್ರೆ ಒಂದು ವಾರ ಬಿಟ್ಟು ಮತ್ತೆ ಮಾಡಿ, ಯಾಕಂದ್ರೆ ಆಗ್ಲೇ ಹೇಳಿದ ಹಾಗೆ ಓವ್ಯುಲೇಶನ್ನೇ ಲೇಟಾಗಿದ್ರೆ ಗರ್ಭ ನಿಂತಿರೋದೂ ಲೇಟು, ಮೊದಲ್ನೇ ಟೆಸ್ಟಿಗೆ ಅದು ಸಿಗದೇ ಇರಬಹುದು. ಇನ್ನೊಂದು ಉಪಾಯ, ಸಂಬಂಧ ಆದ ಕೊನೇ ದಿನದಿಂದ ಮೂರು ವಾರ ಆದ ಮೇಲೆ ಮಾಡಿದ ಟೆಸ್ಟನ್ನ ನಂಬಬಹುದು.

ಪಾಸಿಟಿವ್ ಬಂದು ಮಗು ಬೇಡ ಅಂತಿದ್ರೆ ಮೆಡಿಕಲ್‌ನವ್ನ ಹತ್ರ ಗುಟ್ಟಲ್ಲಿ ಅಬಾರ್ಷನ್ ಮಾತ್ರೆ ತಗೊಂಡು ಪಿಜಿ ರೂಮಲ್ಲಿ ನುಂಗ್ಬೇಡಿ, ದಯವಿಟ್ಟು. ಗರ್ಭ ಗರ್ಭಕೋಶದಲ್ಲಲ್ಲ, ಪಕ್ಕದ ಟ್ಯೂಬಲ್ಲಿ ನಿಂತಿದ್ರೆ ಆ ಮಾತ್ರೆ ಏನೂ ಮಾಡಲ್ಲ, ಒಳಗೆ ಟ್ಯೂಬ್ ಒಡೆದು ಜೀವಕ್ಕೇ ಕುತ್ತು. ಡೇಟ್ ಲೇಟಾಗಿ ಹೊಟ್ಟೆ ಒಂದು ಪಕ್ಕ ವಿಪರೀತ ನೋವು, ತಲೆ ಸುತ್ತು, ಭುಜದ ತುದಿ ನೋವು, ಇವು ಬಂದ್ರೆ ಅದೇ ಹೊತ್ತಿಗೆ ಆಸ್ಪತ್ರೆ ಕ್ಯಾಷುಯಲ್ಟಿಗೆ ಹೋಗ್ಬೇಕು, ಬೆಳಗಾಗ್ಲಿ ಅಂತ ಕಾಯೋ ಹಾಗಿಲ್ಲ. ಅಬಾರ್ಷನ್ ಕಾನೂನು 1971ರಿಂದ ಇದೆ, 2021ರಲ್ಲಿ ತಿದ್ದಿದಾರೆ, 20 ವಾರದವರೆಗೆ ಒಬ್ರು ಡಾಕ್ಟರ್ ಒಪ್ಪಿದ್ರೆ ಸಾಕು, 18 ದಾಟಿದವ್ಳಿಗೆ ಅವಳದ್ದೇ ಸಹಿ, ಗಂಡಂದೂ ಬೇಡ ಅಪ್ಪಂದೂ ಬೇಡ. ಮದ್ವೆ ಆಗದೇ ಇರೋರಿಗೂ ಅದೇ ಕಾನೂನು.

ನೀವು ಯಾವ ವಯಸ್ಸಲ್ಲಿದೀರಿ ಅಂತ ನೋಡ್ಕೊಳ್ಳಿ

ಇದೇ 45 ದಿನ, 13 ವರ್ಷದವ್ಳಿಗೆ ಒಂದು ಅರ್ಥ, 30ರವ್ಳಿಗೆ ಇನ್ನೊಂದು, 47ರವ್ಳಿಗೆ ಮತ್ತೊಂದು.

ಹುಡುಗಿ ದೊಡ್ಡವಳಾಗಿ ಮೊದಲ ಒಂದೆರಡು ವರ್ಷ ಮೆದುಳಿಗೂ ಅಂಡಾಶಯಕ್ಕೂ ಇನ್ನೂ ಹೊಂದಾಣಿಕೆ ಆಗಿರಲ್ಲ, ಎಷ್ಟೋ ತಿಂಗಳು ಅಂಡನೇ ಬಿಡಲ್ಲ, ಹಾಗಾಗಿ ಹಿಂದೆ ಮುಂದೆ ಆಗೋದು ಮಾಮೂಲು. ಮೊದಲ್ನೇ ವರ್ಷ ಯಾವುದೇ ಗ್ಯಾಪ್ 90 ದಿನ ದಾಟಿದ್ರೆ, ಅದರ ಮುಂದಿನ ಎರಡು ವರ್ಷ 21ಕ್ಕಿಂತ ಕಮ್ಮಿ ಅಥವಾ 45ಕ್ಕಿಂತ ಜಾಸ್ತಿ ಆಗ್ತಾ ಇದ್ರೆ ತೋರಿಸಿ. 15 ವರ್ಷ ತುಂಬಿದ್ರೂ ದೊಡ್ಡವಳಾಗಿಲ್ಲ ಅಂದ್ರೂ ತೋರಿಸಿ. ಅಷ್ಟು ಬಿಟ್ರೆ ಎಂಟನೇ ಕ್ಲಾಸಿನ ಹುಡುಗಿಯನ್ನ ಎರಡು ಸಲ ಲೇಟಾಯ್ತು ಅಂತ ಎಳ್ಕೊಂಡು ಹೋಗಿ ಸೋನೋಗ್ರಫಿ ಮಾಡ್ಸಿ, ರಿಪೋರ್ಟಲ್ಲಿ ಪಿಸಿಓ ಅಂತ ಮೂರಕ್ಷರ ನೋಡಿ ಮನೆಯಿಡೀ ಅಳೋ ಅಗತ್ಯ ಇಲ್ಲ. ಆ ವಯಸ್ಸಲ್ಲಿ ಅಂಡಾಶಯದಲ್ಲಿ ಸಣ್ಣ ಸಣ್ಣ ಗುಳ್ಳೆ ತುಂಬಾ ಕಾಣೋದು ಸಹಜ, ಅದ್ಕೇ ದೊಡ್ಡವಳಾಗಿ 8 ವರ್ಷ ಆಗೋವರೆಗೆ ಪಿಸಿಓಎಸ್ (ಹಾರ್ಮೋನ್ ಏರುಪೇರಿನ ತೊಂದ್ರೆ, ಪಿಸಿಓಡಿ ಅಂತಲೂ ಅಂತಾರೆ) ಹೇಳೋಕೆ ಸೋನೋಗ್ರಫಿಯನ್ನ ಆಧಾರ ಮಾಡ್ಕೋಬಾರ್ದು ಅಂತ ಅಂತರರಾಷ್ಟ್ರೀಯ ಮಾರ್ಗಸೂಚಿನೇ ಇದೆ. ಇದು ಗೊತ್ತಿಲ್ಲದೇ ನಾನು 17ನೇ ವಯಸ್ಸಲ್ಲಿ ಒಂದು ಕ್ಲಿನಿಕ್ಕಿಂದ "ಪಿಸಿಓಡಿ, ಮದ್ವೆ ಬೇಗ ಮಾಡಿ" ಅಂತ ಹೇಳಿಸ್ಕೊಂಡು ಬಂದೋಳು. ಒಂದು ರಕ್ತ ಪರೀಕ್ಷೆ ಮಾಡಿಲ್ಲ. ಮೂರು ವರ್ಷ ಬಿಟ್ಟು ಬೇರೆ ಡಾಕ್ಟರ್ ಟಿಎಸ್‌ಎಚ್ ಅನ್ನೋ ಥೈರಾಯ್ಡ್ ರಕ್ತ ಪರೀಕ್ಷೆ ಬರೆದ್ರು, ಥೈರಾಯ್ಡ್ ಕಮ್ಮಿ ಇತ್ತು, ಮಾತ್ರೆ ಶುರು ಮಾಡಿ ನಾಲ್ಕೈದು ತಿಂಗಳಲ್ಲಿ ಸರಿಯಾಯ್ತು. ಮದ್ವೆ ಅದರ ಆರು ವರ್ಷದ ಮೇಲೆ ಆಯ್ತು, ಥೈರಾಯ್ಡ್‌ಗೂ ಅದಕ್ಕೂ ಸಂಬಂಧ ಇಲ್ಲ.

ಬಾಣಂತಿಯರಿಗೆ ಹಾಲು ಕುಡಿಸ್ತಿರೋವಾಗ ಮುಟ್ಟು ನಿಲ್ಲೋದು ಸಹಜ. ಆದ್ರೆ ಮುಟ್ಟಾಗಿಲ್ಲ ಅಂದ್ರೆ ಗರ್ಭ ನಿಲ್ಲಲ್ಲ ಅನ್ನೋದು ತಪ್ಪು, ಮೊದಲ್ನೇ ಮುಟ್ಟಿಗೆ ಮುಂಚೆನೇ ಅಂಡ ಬಿಟ್ಟಿರತ್ತೆ. ಮಗುಗೆ 6 ತಿಂಗಳೊಳಗೆ, ಬರೀ ಎದೆಹಾಲು, ಮುಟ್ಟಾಗಿಲ್ಲ, ಈ ಮೂರೂ ಒಟ್ಟಿಗೆ ಇದ್ರೆ ಮಾತ್ರ ಭರವಸೆ.

40 ದಾಟಿದ ಮೇಲೆ ಸೈಕಲ್ ಮೊದ್ಲು ಹತ್ರ ಹತ್ರ ಬಂದು, ಆಮೇಲೆ ದೂರ ದೂರ ಹೋಗಿ, ಎರಡೆರಡು ತಿಂಗಳು ಗ್ಯಾಪ್ ಬಿದ್ದು, ಕೊನೆಗೆ 12 ತಿಂಗಳು ಪೂರ್ತಿ ಬರಲಿಲ್ಲ ಅಂದ್ರೆ ಮೆನೋಪಾಸ್. ಹೀಗೆ ಹಿಂದೆ ಮುಂದೆ ಆಗೋ ವರ್ಷಗಳಲ್ಲೂ ಗರ್ಭ ನಿಲ್ಲಬಹುದು, ಟೆಸ್ಟ್ ಮಾಡೋಕೆ ನಾಚ್ಕೋಬೇಡಿ. ಮತ್ತೆ ಒಂದು ಮಾತು ಅಮ್ಮಂದ್ರಿಗೆ, ಚಿಕ್ಕಮ್ಮಂದ್ರಿಗೆ ಓದಿ ಹೇಳಿ: ನಿಂತು ಒಂದು ವರ್ಷ ಆದ ಮೇಲೆ ಮತ್ತೆ ಒಂದು ಹನಿ ಕಂಡ್ರೂ ಅದು "ಮತ್ತೆ ಮುಟ್ಟಾಯ್ತು" ಅಲ್ಲ. ಗರ್ಭಕೋಶದ ಕ್ಯಾನ್ಸರ್ ಇಲ್ಲ ಅಂತ ಖಾತ್ರಿ ಮಾಡ್ಕೊಳ್ಳೋಕೇ ಡಾಕ್ಟರ್ ಹತ್ರ ಹೋಗ್ಬೇಕು. 40ಕ್ಕಿಂತ ಮುಂಚೆನೇ ತಿಂಗಳುಗಟ್ಟಲೆ ನಿಂತು ಮೈ ಬಿಸಿ ಏರ್ತಾ ಇದ್ರೆ ಅದನ್ನೂ ವಯಸ್ಸಾಯ್ತು ಅಂತ ಬಿಡಬಾರ್ದು.

ಕಾರಣ ಹುಡುಕೋದು

ಮೊದ್ಲು ಮನೇಲಿರೋ ಮಾತ್ರೆ ಡಬ್ಬಿ ತೆಗೀರಿ. ಇದನ್ನ ಯಾರೂ ನೋಡಲ್ಲ. ಐ-ಪಿಲ್ (ಸಂಬಂಧ ಆದ್ಮೇಲೆ ಗರ್ಭ ನಿಲ್ಲದಿರ್ಲಿ ಅಂತ ನುಂಗೋ ತುರ್ತು ಮಾತ್ರೆ) ತಗೊಂಡ್ರಾ? ಅದು ಓವ್ಯುಲೇಶನ್ನ ಮುಂದಕ್ಕೆ ತಳ್ಳಿನೇ ಕೆಲ್ಸ ಮಾಡೋದು, ಹಾಗಾಗಿ ಆ ತಿಂಗಳು ಒಂದು ವಾರದಷ್ಟು ಹಿಂದೆ ಮುಂದೆ ಆಗತ್ತೆ, ಒಂದು ವಾರ ದಾಟಿದ್ರೆ ಟೆಸ್ಟ್. ತಿಂಗಳಲ್ಲಿ ಮೂರು ಸಲ ಐ-ಪಿಲ್ ತಗೊಂಡು ಡೇಟ್ ಯಾಕೆ ಕೆಟ್ಟಿದೆ ಅಂತ ಕೇಳ್ತಾರೆ ನೋಡಿ, ಏನ್ ಹೇಳೋದು. ಸರ್ಕಾರಿ ಆಸ್ಪತ್ರೇಲಿ ಗರ್ಭ ನಿಲ್ಲದಿರೋಕೆ ಕೊಡೋ ಅಂತರಾ ಇಂಜೆಕ್ಷನ್ ಮೂರು ತಿಂಗಳಿಗೊಂದು, ಅದ್ರಲ್ಲಿ ಮುಟ್ಟು ನಿಂತೇ ಹೋಗೋದೂ ಇದೆ. ಅದಕ್ಕೇ ಕೊಡೋ ವಾರದ ಛಾಯಾ ಮಾತ್ರೇಲಿ ಹಾರ್ಮೋನ್ ಇಲ್ಲ, ಆದ್ರೂ ಸೈಕಲ್ ಉದ್ದ ಆಗತ್ತೆ, ಅದು ತಗೊಳ್ತಾ 15 ದಿನ ಜಾಸ್ತಿ ಲೇಟಾದ್ರೆ ಟೆಸ್ಟ್ ಮಾಡ್ಕೋಬೇಕು.

ಆ್ಯಸಿಡಿಟಿ ಮಾತ್ರೇನ ಯಾರೂ ಅನುಮಾನಿಸಲ್ಲ. ಹೋಟ್ಲು ಊಟ, ಲೋಕಲ್ ಟ್ರೇನು, ತಡರಾತ್ರಿ ಚಹಾ, ಹೊಟ್ಟೆಯುರಿಗೆ ನಮ್ಮವ್ರು ಬೆಳಗ್ಗೆ ಎದ್ದು ಒಂದು ಕ್ಯಾಪ್ಸೂಲ್ ನುಂಗೋದು ಹಲ್ಲುಜ್ಜಿದಷ್ಟೇ ಸಹಜ. ಅದರ ಹಿಂಬದಿ ಓದಿ, ಡೊಂಪೆರಿಡೋನ್ ಅಂತಲೋ ಲೆವೊಸಲ್ಪಿರೈಡ್ ಅಂತಲೋ ಇದ್ರೆ, ಅವು ಪ್ರೊಲ್ಯಾಕ್ಟಿನ್ ಅನ್ನೋ ಹಾರ್ಮೋನ್ ಏರಿಸ್ತಾವೆ. ಹಾಲು ಬರಿಸೋ ಹಾರ್ಮೋನ್ ಅದು, ಏರಿದ್ರೆ ಓವ್ಯುಲೇಶನ್ ನಿಲ್ಲತ್ತೆ, ಕೆಲವ್ರಿಗೆ ಬಾಣಂತಿ ಅಲ್ಲದಿದ್ರೂ ಎದೆಯಿಂದ ಹಾಲು ಬರತ್ತೆ. ಮಾನಸಿಕ ಕಾಯಿಲೆಗೆ ಕೊಡೋ ಕೆಲವು ಮಾತ್ರೆಗಳಲ್ಲೂ ಹೀಗೇ, ಅವನ್ನ ಮಾತ್ರ ನೀವಾಗೇ ನಿಲ್ಲಿಸ್ಬೇಡಿ, ಬರೆದ ಡಾಕ್ಟ್ರಿಗೆ ಹೇಳಿ.

ಮಾತ್ರೆ ಅಲ್ಲ ಅಂದ್ರೆ ದಿನಚರಿ. ನೈಟ್ ಶಿಫ್ಟ್, ಪರೀಕ್ಷೆ, ಮನೇಲಿ ಸಾವು, ಹೊಸ ಊರು. ಕೆಲ್ಸಕ್ಕೆ ಅಂತ ಊರಿಂದ ಪುಣೆ ಮುಂಬೈಗೆ ಬಂದ ಹುಡುಗಿಯರಿಗೆ ಮೊದಲ್ನೇ ಎರಡು ಮೂರು ತಿಂಗಳು ಡೇಟ್ ತಪ್ಪೋದನ್ನ ಎಷ್ಟು ನೋಡಿದೀನೋ. ಊಟ ಬಿಟ್ಟು ತೂಕ ಇಳಿಸೋದು, ಜನವರಿ ಮ್ಯಾರಥಾನ್‌ಗೆ ಅಂತ ಓಡ್ತಾ ಓಡಿದಷ್ಟಕ್ಕೆ ತಿನ್ನದೇ ಇರೋದು, ಇದಂತೂ ಮೆದುಳು ಒಳ್ಳೇ ಲೆಕ್ಕಿಗ, ಮನೇಲಿ ಅಕ್ಕಿನೇ ಇಲ್ಲ ಈಗ ಮಗು ಬೇಡ ಅಂತ ಬಾಗಿಲು ಹಾಕ್ಬಿಡತ್ತೆ. ಓಡೋ ಹುಡುಗೀರು ಮುಟ್ಟು ನಿಂತ್ರೆ ಖುಷಿ ಪಡ್ತಾರೆ, ಆದ್ರೆ ಈಸ್ಟ್ರೋಜನ್ ಕಮ್ಮಿಯಾಗಿ ಮೂಳೆ ಸವೀತಿರತ್ತೆ ಅನ್ನೋದು ಹೊರಗೆ ಕಾಣಲ್ಲ.

ಇದ್ಯಾವುದೂ ಅಲ್ಲ, ವರ್ಷದಲ್ಲಿ 8 ಸಲಕ್ಕಿಂತ ಕಮ್ಮಿ ಮುಟ್ಟಾಗತ್ತೆ, ಗಲ್ಲದ ಮೇಲೆ ಗಟ್ಟಿ ಕೂದ್ಲು, ಮೊಡವೆ ಹೋಗ್ತಿಲ್ಲ, ಕುತ್ತಿಗೆ ಹಿಂದೆ ಕಪ್ಪು, ಅಂದ್ರೆ ಪಿಸಿಓಎಸ್ ಬಗ್ಗೆ ಕೇಳ್ಬೇಕು. ಹೆಸರು ಹೆದರಿಸತ್ತೆ, ಒಳಗಿರೋದು ನಿಜವಾದ ಸಿಸ್ಟ್ ಅಲ್ಲ, ಪೂರ್ತಿ ಬಲೀದೇ ನಿಂತ ಅಂಡದ ಚೀಲಗಳು. ಮುಟ್ಟು ತಪ್ಪೋದು, ಗಂಡು ಹಾರ್ಮೋನ್ ಜಾಸ್ತಿ ಇರೋದು, ಸೋನೋಗ್ರಫೀಲಿ ಆ ಥರ ಕಾಣೋದು, ದೊಡ್ಡವ್ರಲ್ಲಿ ಈ ಮೂರರಲ್ಲಿ ಎರಡು ಇರ್ಬೇಕು, ಜೊತೆಗೆ ಥೈರಾಯ್ಡ್ ಪ್ರೊಲ್ಯಾಕ್ಟಿನ್ ಸರಿ ಇರ್ಬೇಕು, ಆಗ ಮಾತ್ರ ಆ ಹೆಸರು. 2023ರ ಮಾರ್ಗಸೂಚಿ ಬಂದ ಮೇಲೆ ದೊಡ್ಡವ್ರಿಗೆ ಸೋನೋಗ್ರಫಿ ಬದ್ಲು ರಕ್ತದಲ್ಲಿ ಎಎಂಎಚ್ ಅನ್ನೋ ಹಾರ್ಮೋನ್ ನೋಡಿದ್ರೂ ನಡೆಯತ್ತೆ. ತೂಕ ಜಾಸ್ತಿ ಇದ್ದವ್ರು ನೂರಕ್ಕೆ ಐದರಿಂದ ಹತ್ತರಷ್ಟು ಇಳಿಸಿದ್ರೂ, ಅಂದ್ರೆ 70 ಕಿಲೋ ಇದ್ದವ್ಳು ಒಂದು ನಾಲ್ಕೈದು ಕಿಲೋ, ಎಷ್ಟೋ ಸಲ ಡೇಟ್ ದಾರಿಗೆ ಬರತ್ತೆ. ಸಣ್ಣಗಿದ್ದವ್ರಿಗೂ ಪಿಸಿಓಎಸ್ ಇರತ್ತೆ, ಅವ್ರಿಗೆ "ತೂಕ ಇಳ್ಸು" ಅನ್ನೋ ಉಪದೇಶ ಬೇಡ. ಇದಿದ್ದವ್ರು ಸಕ್ಕರೆ ಕಾಯಿಲೆ ಟೆಸ್ಟೂ ಮಾಡಿಸ್ಕೊಳ್ತಾ ಇರ್ಬೇಕು.

ಹಿಂದೆ ಟಿಬಿ ಆಗಿದ್ದವ್ರು, ಕ್ಯೂರೆಟಿಂಗ್ (ಗರ್ಭಕೋಶದ ಒಳಗೆ ಕೆರೆದು ತೆಗೆಯೋದು) ಆದ್ಮೇಲೆ ಮುಟ್ಟು ತೀರಾ ಕಮ್ಮಿಯಾದವ್ರು ಅದನ್ನ ಡಾಕ್ಟ್ರಿಗೆ ಹೇಳ್ಲೇಬೇಕು, ಗರ್ಭಕೋಶದ ಒಳಪದರಕ್ಕೇ ಪೆಟ್ಟಾಗಿರಬಹುದು.

ಪಪ್ಪಾಯಿ, ಎಳ್ಳು, ಮತ್ತೆ ಹಬ್ಬದ ಮಾತ್ರೆ

ಪಪ್ಪಾಯಿ ತಿನ್ನು, ಎಳ್ಳು ಬೆಲ್ಲ ತಿನ್ನು, ಓಮದ ಕಷಾಯ ಕುಡಿ. ತಿನ್ನಿ, ರುಚಿಯಾಗಿರತ್ತೆ, ಎಳ್ಳಲ್ಲಿ ಕ್ಯಾಲ್ಸಿಯಂ ಇದೆ. ಡೇಟ್ ಬರಿಸ್ತಾವೆ ಅನ್ನೋದಕ್ಕೆ ಗಟ್ಟಿ ಪುರಾವೆ ಇಲ್ಲ. ಮೂರು ದಿನ ಪಪ್ಪಾಯಿ ತಿಂದು ನಾಲ್ಕನೇ ದಿನ ಬಂತು ಅಂದ್ರೆ ಅದು ಹೇಗೂ ಬರೋದಿತ್ತು. ಗರ್ಭ ಇರಬಹುದು ಅನ್ನೋ ಅನುಮಾನದಲ್ಲಿ ಟೆಸ್ಟ್ ಬಿಟ್ಟು ಕಷಾಯ ಕುಡೀತಾ ವಾರ ಕಳೆಯೋದು ಮಾತ್ರ ದೊಡ್ಡ ತಪ್ಪು.

ಗಣಪತಿ ಹಬ್ಬದ ಹಿಂದಿನ ವಾರ ಮೆಡಿಕಲ್‌ಗಳಲ್ಲಿ ಮುಟ್ಟು ಮುಂದೂಡೋ ಮಾತ್ರೆಗೆ ಕ್ಯೂ ಇರತ್ತೆ, ಊರಲ್ಲಿ ನಾಗಮಂಡಲ ಅಂದ್ರೂ ಅದೇ. ನನ್ ಕೇಳಿದ್ರೆ ಗಣಪತಿಗೇನೂ ಬೇಜಾರಿಲ್ಲ, ಆದ್ರೆ ಅತ್ತೆ ಇದಾರಲ್ಲ, ಗೊತ್ತು ಬಿಡಿ. ಅದು ನೊರೆಥಿಸ್ಟೆರೋನ್, ಡೇಟ್‌ಗೆ 3 ದಿನ ಮುಂಚೆ ಶುರು ಮಾಡ್ಬೇಕು, ಬಿಟ್ಟ ಮೇಲೆ ಸಾಮಾನ್ಯವಾಗಿ 2-3 ದಿನಕ್ಕೆ ಮುಟ್ಟಾಗತ್ತೆ. ಇಲ್ಲೇ ನೋಡಿ ಸಿಕ್ಕು, ಸೈಕಲ್ 29ರಿಂದ 36 ಓಡಾಡೋರಿಗೆ "ಮೂರು ದಿನ ಮುಂಚೆ" ಅಂದ್ರೆ ಯಾವ ದಿನ? ಅದ್ಕೇ ತಾರೀಕಿನ ಪಟ್ಟಿ ಹಿಡ್ಕೊಂಡು ಡಾಕ್ಟರ್ ಹತ್ರ ಹೋಗಿ ಬರೆಸ್ಕೊಳ್ಳಿ. ಕಾಲಲ್ಲಿ ಅಥವಾ ಶ್ವಾಸಕೋಶದಲ್ಲಿ ರಕ್ತ ಹೆಪ್ಪುಗಟ್ಟಿದ ಹಿನ್ನೆಲೆ ಇದ್ದವ್ರು, ಕಣ್ಣ ಮುಂದೆ ಮಿಂಚು ಬಂದು ಮೈಗ್ರೇನ್ ಆಗೋರು, ಲಿವರ್ ತೊಂದ್ರೆ ಇರೋರು ಮೊದ್ಲೇ ಹೇಳ್ಬೇಕು. ಹೀಗೆ ಹತ್ತು ದಿನ ತಗೊಳ್ಳೋದು ಗರ್ಭನಿರೋಧಕ ಅಲ್ಲ ಅನ್ನೋದೂ ನೆನಪಿರ್ಲಿ.

ಇದರ ಉಲ್ಟಾ, ಡೇಟ್ ಬರಿಸೋ ಮಾತ್ರೆ. ಡಾಕ್ಟ್ರು ಗರ್ಭ ಇಲ್ಲ ಅಂತ ನೋಡ್ಕೊಂಡು ಐದು ಹತ್ತು ದಿನಕ್ಕೆ ಪ್ರೊಜೆಸ್ಟರೋನ್ ಥರದ್ದು ಕೊಡ್ತಾರೆ, ಬಿಟ್ಟ ಮೇಲೆ ಒಂದು ವಾರದೊಳಗೆ ಬ್ಲೀಡಿಂಗ್ ಆಗತ್ತೆ. ಅದು ಸುಮ್ನೆ ಅಲ್ಲ. ತಿಂಗಳುಗಟ್ಟಲೆ ಓವ್ಯುಲೇಶನ್ ಇಲ್ಲದಿದ್ರೆ ಒಳಪದರ ದಪ್ಪ ಆಗ್ತಾ ಹೋಗತ್ತೆ, ವರ್ಷಗಟ್ಟಲೆ ಹಾಗೇ ಬಿಟ್ರೆ ಕೆಟ್ಟದ್ದಕ್ಕೆ ತಿರುಗಬಹುದು, ಅದ್ಕೇ ಮೂರು ತಿಂಗಳಿಗಿಂತ ಜಾಸ್ತಿ ಗ್ಯಾಪ್ ಬಿಡಬಾರ್ದು ಅನ್ನೋದು. ಆದ್ರೆ ಯಾಕೆ ನಿಂತಿತ್ತು ಅಂತ ಹುಡುಕದೇ ಪ್ರತಿ ಸಲ ಅದೇ ಹಳೇ ಚೀಟಿ ತೋರಿಸಿ ಅದೇ ಮಾತ್ರೆ ತಗೊಳ್ಳೋದು, ಸೋರೋ ನಲ್ಲಿ ಕೆಳಗೆ ಬಕೆಟ್ ಬದಲಾಯಿಸಿದ ಹಾಗೆ.

ಯಾವಾಗ ಹೋಗ್ಬೇಕು, ಹೋದಾಗ ಏನ್ ಹೇಳ್ಬೇಕು

ಮೊದ್ಲು ಸರಿಯಾಗಿ ಬರ್ತಿದ್ದವ್ರಿಗೆ 3 ತಿಂಗಳು ಬಂದಿಲ್ಲ, ಮೊದ್ಲಿಂದ ಏರುಪೇರು ಇದ್ದವ್ರಿಗೂ ಈ ಸಲ ತೀರಾ ಹೆಚ್ಚಾಗಿದೆ, 21 ದಿನಕ್ಕಿಂತ ಬೇಗ ಬೇಗ ಬರ್ತಿದೆ, 8 ದಿನ ದಾಟಿ ಹೋಗ್ತಿದೆ, ಮಧ್ಯೆ ಮಧ್ಯೆ ಕಲೆ, ಸಂಬಂಧ ಆದ್ಮೇಲೆ ರಕ್ತ, ಇವಕ್ಕೆಲ್ಲ ಅಪಾಯಿಂಟ್‌ಮೆಂಟ್ ತಗೊಂಡು ಹೋಗಿ. ಲೇಟಾಗಿ ಬಂದಿದ್ದು ಒಮ್ಮೆಲೆ ಸುರಿದು ಗಂಟೆಗೊಂದು ಪ್ಯಾಡ್ ತುಂಬ್ತಾ ಎರಡು ಗಂಟೆ ಆದ್ರೆ, ಎದ್ರೆ ಕಣ್ಣು ಕತ್ತಲೆ ಬಂದ್ರೆ, ಅಪಾಯಿಂಟ್‌ಮೆಂಟ್ ಬೇಡ, ನೇರ ಕ್ಯಾಷುಯಲ್ಟಿ.

ಎಲ್ಲಿಗೆ ಅಂದ್ರೆ ಖಾಸಗಿ ಗೈನಕ್ ಎಲ್ಲಾ ಗಲ್ಲೀಲೂ ಇದಾರೆ. ದುಡ್ಡು ಕಷ್ಟ ಅಂದ್ರೆ ನಮ್ಮ ಕಡೆ ಡೊಂಬಿವಲಿ ಪಶ್ಚಿಮದ ಶಾಸ್ತ್ರಿನಗರ ಆಸ್ಪತ್ರೆ, ಕಲ್ಯಾಣಿನ ರುಕ್ಮಿಣಿಬಾಯಿ, ಆ ಕಡೆ ಪರೇಲಿನ ಕೆಇಎಂ, ಸಾಯನ್, ನಾಯರ್, ಪುಣೆಯವ್ರಿಗೆ ಸಸೂನ್. ಬೆಳಗ್ಗೆ ಬೇಗ ಹೋಗಿ ಕೇಸ್ ಪೇಪರ್ ಮಾಡಿಸ್ಬೇಕು, ಊಟದ ಡಬ್ಬಿ ತಗೊಂಡ್ ಹೋಗಿ, ಅರ್ಧ ದಿನ ಅಲ್ಲೇ.

ಒಳಗೆ ಹೋದ ತಕ್ಷಣ ಮೊದಲ್ನೇ ಪ್ರಶ್ನೆ, ಮರಾಠೀಲಿ, "ಶೇವಟಚಿ ಪಾಳಿ ಕಧೀ ಆಲಿ?" ಕೊನೇ ಸಲ ಯಾವಾಗಾಯ್ತು ಅಂತ. ಪಾಳಿ ಅಂದ್ರೆ ಮುಟ್ಟು. ಇಲ್ಲಿ "ಹೋದ ತಿಂಗಳು... ಗಣಪತಿ ಆದ್ಮೇಲೆ..." ಅಂತ ತಡವರಿಸಿದ್ರೆ ನಿಮಗೆ ಸಿಕ್ಕ ಐದು ನಿಮಿಷದಲ್ಲಿ ಎರಡು ಹೋಯ್ತು. ಆರು ತಿಂಗಳ ತಾರೀಕು, ಎಷ್ಟು ದಿನ ಹೋಯ್ತು, ದಿನಕ್ಕೆ ಎಷ್ಟು ಪ್ಯಾಡ್, ತಗೊಳ್ತಿರೋ ಮಾತ್ರೆ ಹೆಸ್ರು, ಒಂದು ಚೀಟೀಲಿ ಬರ್ದು ಮುಂದೆ ಇಡಿ.

ಎರಡನೇ ಪ್ರಶ್ನೆ, "ಮದ್ವೆ ಆಗಿದ್ಯಾ?" ಇದು ನಿಜಕ್ಕೂ ಮದ್ವೆ ಬಗ್ಗೆ ಅಲ್ಲ, ಸಂಬಂಧ ಆಗಿದ್ಯಾ ಅಂತ ನೇರ ಕೇಳೋಕೆ ನಾಚ್ಕೊಂಡು ಸುತ್ತಿ ಕೇಳೋದು. ಪಕ್ಕದಲ್ಲಿ ಅಮ್ಮ ಕೂತಿರ್ತಾರೆ, ಹುಡುಗಿ ಇಲ್ಲ ಅಂತಾಳೆ, ಡಾಕ್ಟ್ರು ಗರ್ಭದ ಸಾಧ್ಯತೆನೇ ಬಿಟ್ಟು ಮುಂದೆ ಹೋಗ್ತಾರೆ. ಅಮ್ಮಂದಿರೇ, ಎರಡು ನಿಮಿಷ ಹೊರಗೆ ಕೂತ್ಕೊಳ್ಳಿ. ಹುಡುಗೀರೇ, ಅಮ್ಮ ಹೊರಗೆ ಹೋಗದಿದ್ರೆ "ಯೂರಿನ್ ಟೆಸ್ಟ್ ಮಾಡಿ ಮೇಡಂ" ಅಂತ ನೀವೇ ಅಂದ್ಬಿಡಿ, ಅರ್ಥ ಆಗತ್ತೆ ಅವ್ರಿಗೆ. ಸಂಬಂಧ ಆಗದೇ ಇದ್ರೆ ಒಳಗಿಂದ ಮಾಡೋ ಸೋನೋಗ್ರಫಿ ಬೇಕಾಗಿಲ್ಲ, ಹೊಟ್ಟೆ ಮೇಲಿಂದಲೇ ಮಾಡ್ತಾರೆ.

ಟೆಸ್ಟ್ ಅಂದ್ರೆ ಸಾಮಾನ್ಯವಾಗಿ ಹಿಮೋಗ್ಲೋಬಿನ್, ಟಿಎಸ್‌ಎಚ್, ಪ್ರೊಲ್ಯಾಕ್ಟಿನ್, ಅಗತ್ಯ ಬಿದ್ರೆ ಎಫ್‌ಎಸ್‌ಎಚ್, ಎಲ್‌ಎಚ್, ಟೆಸ್ಟೋಸ್ಟೆರೋನ್ ಅನ್ನೋ ಹಾರ್ಮೋನ್‌ಗಳು, ಸಕ್ಕರೆ. ಕೆಲವನ್ನ ಮುಟ್ಟಾದ ಎರಡು ಮೂರನೇ ದಿನ ಕೊಡೋಕೆ ಹೇಳ್ತಾರೆ, ಕೇಳ್ಕೊಂಡು ಹೋಗಿ. ಪ್ರೊಲ್ಯಾಕ್ಟಿನ್‌ಗೆ ಮಾತ್ರ ಟ್ರೇನಿನಲ್ಲಿ ನೂಕಿಸ್ಕೊಂಡು, ಮೆಟ್ಲು ಹತ್ತಿ ಏದುಸಿರು ಬಿಡ್ತಾ ಸೂಜಿಗೆ ಕೈ ಕೊಡ್ಬೇಡಿ, ಆ ಟೆನ್ಶನ್ನಿಗೇ ಅದು ಏರತ್ತೆ, ಅರ್ಧ ಗಂಟೆ ಸುಮ್ನೆ ಕೂತು ಆಮೇಲೆ ಕೊಡಿ. ಕೂದ್ಲಿಗೆ ಅಂತ ಬಯೋಟಿನ್ ತಗೊಳ್ತಿದ್ರೆ ಅದೂ ಥೈರಾಯ್ಡ್ ರಿಪೋರ್ಟನ್ನ ದಾರಿ ತಪ್ಪಿಸತ್ತೆ, ಮುಂಚೆನೇ ಹೇಳಿ, ಎಷ್ಟು ದಿನ ನಿಲ್ಲಿಸ್ಬೇಕು ಅಂತ ಅವ್ರು ಹೇಳ್ತಾರೆ.

ನಮ್ಮ ಹುಡುಗಿಗೆ 35ನೇ ದಿನ ಬೆಳಗ್ಗೆ ಮುಟ್ಟಾಯ್ತು, ಮೆಸೇಜಲ್ಲಿ ಬರೀ ಒಂದು ಕೆಂಪು ಚುಕ್ಕೆ ಕಳಿಸಿದ್ಲು. ಈಗ ಅವಳ ರೂಮಲ್ಲೂ ಒಂದು ಕ್ಯಾಲೆಂಡರ್ ಇದೆ, ಆ್ಯಪ್‌ನಲ್ಲೂ 28 ತೆಗೆದು ಹಾಕಿದಾಳೆ.

ಆ, ಹೊಟ್ಟೆ ಮೇಲಿನ ಸೋನೋಗ್ರಫಿಗೆ ಮೂತ್ರಚೀಲ ತುಂಬಿರ್ಬೇಕು, ನೀರು ಕುಡಿದು ಬನ್ನಿ ಅಂತಾರೆ. ಮನೇಲಿ ಒಂದು ಲೀಟರ್ ಕುಡಿದು ಡೊಂಬಿವಲಿ ಫಾಸ್ಟ್ ಲೋಕಲ್ ಹತ್ತಬೇಡಿ, ನಾನು ಹತ್ತಿದೀನಿ. ಸೆಂಟರ್ ಮುಟ್ಟಿ, ನಂಬರ್ ಹಚ್ಚಿ, ಮುಂದೆ ಎಷ್ಟು ಜನ ಇದಾರೆ ಅಂತ ಕೇಳಿ, ಆಮೇಲೆ ಬಾಟ್ಲಿ ಮುಚ್ಚಳ ತೆಗೀರಿ.